ಲಕ್ವಾ ಆದವರ ಮನಸ್ಸನ್ನೂ ಪರೀಕ್ಷಿಸಬೇಕು

(ರೋಗಿಗಳು ಹಾಗೂ ಮನೆಯವರಿಗಾಗಿ ನೀಡಿದ ಉಪನ್ಯಾಸ)



ಮಿದುಳಿಗೆ ಹೋಗುವ ರಕ್ತನಾಳ ಕಟ್ಟಿಕೊಂಡಾಗ ಅಥವಾ ಒಡೆದಾಗ ಲಕ್ವಾ, ಅಂದರೆ ಪಾರ್ಶ್ವವಾಯು ಬರುತ್ತದೆ. ಕೈ ಏಳುತ್ತದೆಯೇ, ಬಿ.ಪಿ. ಎಷ್ಟಿದೆ ಎಂದು ಎಲ್ಲರೂ ಕೇಳುತ್ತೀರಿ. ಮನಸ್ಸು ಹೇಗಿದೆ ಎಂದು ಕೇಳುವವರು ಕಡಿಮೆ. ಲಕ್ವಾ ಆದ ಸುಮಾರು ಮೂವರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಹಂತದಲ್ಲಿ ಖಿನ್ನತೆ ಬರುತ್ತದೆ. ಅನೇಕರಿಗೆ ಜೊತೆಗೆ ಆತಂಕವೂ ಇರುತ್ತದೆ. ಮತ್ತೆ ಹೊಡೆದೀತೇ, ಒಬ್ಬನೇ ಇದ್ದಾಗ ಬಿದ್ದರೆ ಏನು ಗತಿ ಎಂಬ ಭಯ ಬಿಡುವುದಿಲ್ಲ.

ಇದು ಹೇಡಿತನವಲ್ಲ, ಹಿಂದಿನ ಜನ್ಮದ ಕರ್ಮವೂ ಅಲ್ಲ. ಪೆಟ್ಟು ಬಿದ್ದಿರುವುದು ಮಿದುಳಿಗೆ. ಸುಖದುಃಖಗಳನ್ನು ನಡೆಸುವುದೂ ಅದೇ ಮಿದುಳು. ಜೀವನವಿಡೀ ಕಾಯಕವನ್ನೇ ಪೂಜೆಯೆಂದು ನಂಬಿದವರಿಗೆ ಕೈ ಏಳದಾದಾಗ 'ನಾನು ಮನೆಗೆ ಭಾರ' ಅನ್ನಿಸುತ್ತದೆ. ಸಹಜವೆಂದು ಸುಮ್ಮನಿರಬಾರದು. ಖಿನ್ನತೆ ಇರುವವರು ವ್ಯಾಯಾಮಕ್ಕೆ ಏಳುವುದಿಲ್ಲ, ಮಾತ್ರೆ ತಪ್ಪಿಸುತ್ತಾರೆ, ಚೇತರಿಕೆ ಹಿಂದೆ ಬೀಳುತ್ತದೆ. ಕೆಲವರಿಗೆ ಸಾಯುವ ಯೋಚನೆಯೂ ಬರುತ್ತದೆ.

ಪತ್ತೆಗೆ ಸ್ಕ್ಯಾನ್ ಬೇಡ. ಮೊದಲು ಎರಡೇ ಪ್ರಶ್ನೆ: ಕಳೆದ 2 ವಾರಗಳಲ್ಲಿ ಮನಸ್ಸು ಕುಗ್ಗಿ ಬೇಸರವಾಗಿತ್ತೇ? ಮೊದಲು ಇಷ್ಟವಾಗುತ್ತಿದ್ದ ಕೆಲಸಗಳಲ್ಲಿ ಆಸಕ್ತಿ ಹೋಗಿದೆಯೇ? ಹೌದೆಂದರೆ 9 ಪ್ರಶ್ನೆಗಳ ಪಟ್ಟಿಯಿದೆ. ಅದರಲ್ಲಿ 27 ಅಂಕಗಳಿಗೆ 10 ಅಥವಾ ಹೆಚ್ಚು ಬಂದರೆ ವೈದ್ಯರು ವಿವರವಾಗಿ ಮಾತನಾಡಿಸುತ್ತಾರೆ. ಆತಂಕಕ್ಕೆ ಬೇರೆ ಪ್ರಶ್ನೆಗಳಿವೆ. ಅಂಕವೇ ಕೊನೆಯ ತೀರ್ಮಾನವಲ್ಲ. ಆಯಾಸ, ನಿದ್ರೆಗೇಡು ಲಕ್ವಾದಿಂದಲೇ ಬಂದಿರಬಹುದು. ಒಮ್ಮೆ ಕೇಳಿದರೂ ಸಾಲದು. ಮನೆಗೆ ಹೋದ ತಿಂಗಳುಗಳ ನಂತರವೂ ಖಿನ್ನತೆ ಬರಬಹುದಾದ್ದರಿಂದ ಪ್ರತಿ ಭೇಟಿಯಲ್ಲೂ ಕೇಳಬೇಕು.

ಮನೆಯವರಲ್ಲಿ ಒಂದು ವಿನಂತಿ. ಪ್ರಶ್ನೆ ಕೇಳಿದಾಗ "ಏನಿಲ್ಲ ಡಾಕ್ಟ್ರೇ, ಆರಾಮ ಅದಾರ" ಎಂದು ನೀವೇ ಉತ್ತರಿಸಬೇಡಿ. ಮಕ್ಕಳ ಮುಂದೆ ಅಳಲು ಸಂಕೋಚಪಡುವ ತಂದೆ, ನೀವು ಸ್ವಲ್ಪ ಹೊರಗೆ ಹೋದರೆ ಹೇಳಿಯಾರು. ಮಾತು ನಿಂತವರಿಗೆ ಮಾತ್ರ ನಿಮ್ಮ ಕಣ್ಣೇ ಆಧಾರ. ಗೋಡೆ ಕಡೆ ಮುಖ ಮಾಡಿ ಮಲಗುವುದು, ಊಟ ಬಿಡುವುದು, ಬಂದವರನ್ನು ನೋಡದಿರುವುದು ಕಂಡರೆ ತಿಳಿಸಿ. ಕಾರಣವಿಲ್ಲದೆ ತಟ್ಟನೆ ಅಳು ಅಥವಾ ನಗು ಬಂದರೆ ಬೈಯಬೇಡಿ. ಅದು ಲಕ್ವಾದ ಇನ್ನೊಂದು ಪರಿಣಾಮವಿರಬಹುದು, ಅದಕ್ಕೂ ಚಿಕಿತ್ಸೆಯಿದೆ.

ಖಿನ್ನತೆಗೆ ಆಪ್ತ ಸಲಹೆ, ವ್ಯಾಯಾಮ, ಮಾತ್ರೆಗಳಿವೆ. ಈ ಮಾತ್ರೆಗಳು ಸೆರೆ, ತಂಬಾಕಿನಂತೆ ಚಟ ಹಿಡಿಸುವುದಿಲ್ಲ. ಗುಣ ಕಾಣಲು ಕೆಲವು ವಾರ ಬೇಕು. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಸಾಯುವ ಮಾತು ಆಡಿದರೆ ಒಬ್ಬರನ್ನೇ ಬಿಡಬೇಡಿ, ಹೊಲಕ್ಕೆ ಹೊಡೆಯುವ ಔಷಧಿಯನ್ನು ಕೈಗೆ ಸಿಗದಂತೆ ಇಡಿ, ಅಂದೇ ವೈದ್ಯರಿಗೆ ತಿಳಿಸಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ದೂರವಾಣಿ 14416 ಹಗಲಿರುಳೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.

ದಾಸೋಹದಲ್ಲಿ ನೀಡುವವರು ದೊಡ್ಡವರಲ್ಲ, ಪಡೆಯುವವರು ಸಣ್ಣವರಲ್ಲ. ಆದ್ದರಿಂದ ಹಾಸಿಗೆಯಲ್ಲಿರುವ ಹಿರಿಯರೇ, ಸೇವೆ ಪಡೆಯಲು ನಾಚಬೇಡಿ. ಸೇವೆ ಮಾಡಿ ದಣಿದ ತಾಯಂದಿರೇ, ನಿಮಗೂ ನಿದ್ದೆ ಬಾರದಿದ್ದರೆ, ಮನಸ್ಸು ಸೋತಿದ್ದರೆ ಹೇಳಿ. ಆ ಎರಡು ಪ್ರಶ್ನೆಗಳು ನಿಮಗೂ ಸಲ್ಲುತ್ತವೆ.