ಹೇಳಬಾರದ ಮಾತು



ಆಯುಷ್ಯದ ಬಹುಭಾಗವನ್ನು ಕನ್ನಡ ಪಾಠ ಹೇಳುವುದರಲ್ಲಿ ಕಳೆದ ನನ್ನಂಥವನು ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯನ್ನು ಕುರಿತು ಮಾತನಾಡಲು ಹೊರಟದ್ದು ನಿಮಗೆ ವಿಚಿತ್ರವೆನಿಸಬಹುದು. ಶಾಸ್ತ್ರ ಹೇಳುವ ಅಧಿಕಾರ ನನಗಿಲ್ಲ. ರೋಗಿಯಾಗಿ ಮಲಗಿದವನ ಅಧಿಕಾರವಷ್ಟೆ ಇದೆ.

ನನ್ನ ಮನೆ ಕುಲಶೇಖರದಲ್ಲಿ. ಮಂಗಳೂರಿನವರಾದ ನಮಗೆ ಆಸ್ಪತ್ರೆಗಳ ಕೊರತೆಯಿಲ್ಲ. 1848ರಲ್ಲಿ ಆರಂಭವಾದ ವೆನ್‌ಲಾಕ್ ಆಸ್ಪತ್ರೆಯು 1955ರಲ್ಲಿ ಈ ಊರಿಗೆ ಬಂದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳಿಗೆ ಪಾಠಶಾಲೆಯೂ ಆಯಿತು. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು 1880ರಲ್ಲಿ ಬಡವರಿಗಾಗಿ ತೆರೆದ ಔಷಧಾಲಯ ಬೆಳೆದು, 1999ರಲ್ಲಿ ಅಲ್ಲಿಯೂ ವೈದ್ಯಕೀಯ ಕಾಲೇಜು ಬಂತು. ಇಷ್ಟೆಲ್ಲ ಕೂಗಳತೆಯಲ್ಲಿದ್ದರೂ ನಾನು ಎಂಟು ತಿಂಗಳು ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಲಿಲ್ಲ. ರಕ್ತ ಕಾಣುತ್ತಿತ್ತು. ಮೂಲವ್ಯಾಧಿಯೆಂದು ನಾನೇ ಹೆಸರಿಟ್ಟೆ. ಮಜ್ಜಿಗೆ ಕುಡಿದೆ, ಸುವರ್ಣಗಡ್ಡೆ ತಿಂದೆ. ಹೆಂಡತಿಗೂ ಹೇಳಲಿಲ್ಲ. ಅವಳು ಕೇಳಿದಾಗ ‘ಹೊಟ್ಟೆ ಸರಿಯಿಲ್ಲ’ ಎಂದೆ. ‘ಬಹಿರ್ದೆಸೆ’ ಎಂಬಂಥ ಮರ್ಯಾದೆಯ ಶಬ್ದವನ್ನು ತರಗತಿಯಲ್ಲಿ ಬಿಡಿಸಿ ಹೇಳಿದವನಿಗೆ, ತನ್ನ ದೇಹದ ವಿಷಯ ಬಂದಾಗ ಒಂದು ಶಬ್ದವೂ ಒದಗಲಿಲ್ಲ.

ಕೊನೆಗೆ ನಳಿಗೆ ಇಳಿಸಿ ನೋಡಿದರು. ಗುದನಾಳದಲ್ಲಿ ಅರ್ಬುದ.

ನಾನು ಸೇರಿದ್ದು ಒಂದು ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ. ಮುಂಜಾನೆ ಹಿರಿಯ ವೈದ್ಯರು ಬರುವಾಗ ಹಿಂದೆ ಐದಾರು ಮಂದಿ ಕಿರಿಯರು. ಪಕ್ಕದ ಮಂಚದಲ್ಲಿ ಹಂಚಿನ ಕಾರ್ಖಾನೆಯಲ್ಲಿ ದುಡಿದ ಒಬ್ಬ ಮುದುಕ. ಉತ್ತರದ ಯಾವುದೋ ರಾಜ್ಯದಿಂದ ಬಂದ ಯುವಕನೊಬ್ಬ ಬಹು ಕಷ್ಟಪಟ್ಟು ಕಲಿತ ಕನ್ನಡದಲ್ಲಿ ಕೇಳಿದ: “ಮಲವಿಸರ್ಜನೆಯ ಕಾಲದಲ್ಲಿ ರಕ್ತಸ್ರಾವವಾಗುತ್ತದೆಯೇ?” ವ್ಯಾಕರಣದಲ್ಲಿ ತಪ್ಪಿಲ್ಲ, ನಾನಾದರೆ ಪೂರ್ಣ ಅಂಕ ಕೊಡುತ್ತಿದ್ದೆ. ಮುದುಕ “ಇಲ್ಲ ಡಾಕ್ಟ್ರೇ” ಎಂದ. ಯುವಕ ಹಾಗೆಯೇ ಬರೆದುಕೊಂಡ. ಹಿರಿಯರು ಮಂಚದ ಅಂಚಿನಲ್ಲಿ ಕುಳಿತು, “ಅಜ್ಜಾ, ಕಕ್ಕಸಿಗೆ ಕೂತಾಗ ನೆತ್ತರು ಹೋಗ್ತದಾ?” ಎಂದರು. “ಹೋಗ್ತದೆ. ಮಳೆಗಾಲದಿಂದಲೇ ಹೋಗ್ತದೆ.”

ಆ ಅಜ್ಜನಿಗೆ ಶಬ್ದ ತಿಳಿಯಲಿಲ್ಲ, ಆದ್ದರಿಂದ ಹೇಳಲಿಲ್ಲ. ನನಗೆ ಎಲ್ಲ ಶಬ್ದವೂ ತಿಳಿದಿತ್ತು.

ಸುಶ್ರುತನು ಅರ್ಶಸ್ಸು, ಭಗಂದರಗಳನ್ನು ಎಂಟು ಮಹಾರೋಗಗಳ ಸಾಲಿನಲ್ಲಿ ಇಡುತ್ತಾನೆ, ನಾಚಿಕೆಪಡುವುದಿಲ್ಲ. ಶಿಷ್ಯನು ಮನುಷ್ಯನ ಮೈಮೇಲೆ ಶಸ್ತ್ರವಿಡುವ ಮುನ್ನ ಸೋರೆ, ಸೌತೆ, ಕಲ್ಲಂಗಡಿಗಳನ್ನು ಕೊಯ್ದು, ದಪ್ಪ ಬಟ್ಟೆಯ ಮೇಲೆ ಹೊಲಿದು ಕೈ ಪಳಗಿಸಬೇಕೆಂದೂ ಹೇಳುತ್ತಾನೆ. ಇಂದಿನ ಶಿಷ್ಯರೂ ಮೊದಲು ಪೆಟ್ಟಿಗೆಯೊಳಗೆ ಉದ್ದನೆಯ ಉಪಕರಣ ತೂರಿಸಿ, ಪರದೆಯನ್ನು ನೋಡುತ್ತ ಗಂಟು ಹಾಕಲು ಕಲಿಯುತ್ತಾರೆ. ಎಂ.ಬಿ.ಬಿ.ಎಸ್. ಆದಮೇಲೆ ಎಂ.ಎಸ್. ಮೂರು ವರ್ಷ; ಜಠರ, ಕರುಳುಗಳ ಶಸ್ತ್ರಚಿಕಿತ್ಸೆಯಲ್ಲಿ ಪರಿಣತಿ ಬೇಕೆನ್ನುವವರಿಗೆ ಎಂ.ಸಿಎಚ್. ಮತ್ತೆ ಮೂರು ವರ್ಷ. ನಮ್ಮ ಪಿಎಚ್.ಡಿ.ಗಳು ಎಷ್ಟು ಸುಲಭವೆಂದು ಆಗ ಹೊಳೆಯಿತು.

ನನ್ನ ಪಾಲಿಗೆ ಸಂಶೋಧನೆಯೆಂಬುದು ದೂರದ ಮಾತಾಗಿ ಉಳಿಯಲಿಲ್ಲ. ಗುದನಾಳದ ಅರ್ಬುದವನ್ನು ತೆಗೆದರೂ ಅದು ಅದೇ ಜಾಗದಲ್ಲಿ ಮರುಕಳಿಸುವುದು ಹಿಂದೆ ಬಹಳವಿತ್ತು. 1982ರಲ್ಲಿ ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್ ಊರಿನ ಬಿಲ್ ಹೀಲ್ಡ್ ಎಂಬ ಶಸ್ತ್ರವೈದ್ಯರು ಕಾರಣವನ್ನು ಎತ್ತಿ ತೋರಿಸಿದರು: ನಾಳದ ಸುತ್ತಲಿನ ಕೊಬ್ಬಿನ ಹೊದಿಕೆಯಲ್ಲಿ ರೋಗದ ಕಣಗಳು ಉಳಿದುಬಿಡುತ್ತವೆ. ಆ ಹೊದಿಕೆ ಹರಿಯದಂತೆ ಇಡಿಯಾಗಿ ತೆಗೆಯಬೇಕು. ಚಕ್ಕೋತದ ತೊಳೆಯನ್ನು ಪೊರೆ ಒಡೆಯದೆ ಬಿಡಿಸಿದವರಿಗೆ ಇದರ ಕಷ್ಟ ಗೊತ್ತು. ಹೀಗೆ ಮಾಡಿದಮೇಲೆ ಮರುಕಳಿಕೆ ಗಮನಾರ್ಹವಾಗಿ ತಗ್ಗಿತು. ತೆಗೆದ ಭಾಗವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಹೊದಿಕೆ ಅಖಂಡವಾಗಿದೆಯೇ ಎಂದು ಬರೆಯುತ್ತಾರೆ. ಅದು ಶಸ್ತ್ರವೈದ್ಯನ ಉತ್ತರಪತ್ರಿಕೆ. ನನ್ನದರಲ್ಲಿ ‘ಅಖಂಡ’ ಎಂದಿತ್ತು.

ಕರುಳಿನ ಹೊಲಿಗೆ ಮಾಗುವವರೆಗೆ ಹೊಟ್ಟೆಯ ಮೇಲೆ ಒಂದು ದ್ವಾರ ಮಾಡಿ ಚೀಲ ಕಟ್ಟಿದ್ದರು. ಮೊದಲ ದಿನ ನಾನು ಗೋಡೆಯ ಕಡೆಗೆ ತಿರುಗಿ ಮಲಗಿದೆ. ಅದನ್ನು ಬದಲಿಸುವ ಕ್ರಮವನ್ನು ನನ್ನ ಹೆಂಡತಿಗೆ ಕಲಿಸಿದವನು ಅದೇ ಹೊರನಾಡಿನ ಯುವಕ. “ಅಮ್ಮಾ, ಸುತ್ತಲಿನ ಚರ್ಮ ಒದ್ದೆ ಇರಬಾರದು” ಎಂದ. ಈಗ ಅವನ ಕನ್ನಡ ಇಳಿದಿತ್ತು, ಅಂದರೆ ಸುಧಾರಿಸಿತ್ತು. “ಮೊದಲೇ ಹೇಳಿದ್ದರೆ ಏನಾಗುತ್ತಿತ್ತು?” ಎಂದು ಅವಳು ನನ್ನನ್ನು ಒಂದೇ ಒಂದು ಬಾರಿ ಕೇಳಿದಳು. ಉತ್ತರ ಅವಳಿಗೂ ವೈದ್ಯರು ಹೇಳಿದ್ದರು: ಬಹುತೇಕ ಇಂಥ ಅರ್ಬುದಗಳು ಸಣ್ಣ ಗಂಟಾಗಿ ಹುಟ್ಟಿ ಬೆಳೆಯಲು ವರ್ಷಗಳು ಹಿಡಿಯುತ್ತವೆ, ಗಂಟಾಗಿರುವಾಗಲೇ ನಳಿಗೆಯ ಮೂಲಕ ತೆಗೆದುಬಿಡಬಹುದು. ಕೆಲವು ತಿಂಗಳ ಬಳಿಕ ದ್ವಾರ ಮುಚ್ಚಿದರು.

ವೈದ್ಯ ವಿದ್ಯಾರ್ಥಿಗಳು ಸ್ಥಳೀಯ ಭಾಷೆ ಕಲಿಯಬೇಕೆಂಬುದು 2019ರಿಂದ ಅವರ ಪಠ್ಯಕ್ರಮದಲ್ಲಿಯೇ ಸೇರಿದೆ. ಕಳೆದ ವರ್ಷ ಹಿರಿಯ ವೈದ್ಯರು, “ಮಾಸ್ಟ್ರೇ, ನಮ್ಮ ಹೊಸ ಮಕ್ಕಳಿಗೆ ನಾಲ್ಕು ಪಾಠ ಹೇಳ್ತೀರಾ?” ಎಂದು ಕರೆದರು. ರೋಗಿಗಳು ಆಡುವ ಶಬ್ದಗಳ ಪಟ್ಟಿಯೊಂದನ್ನು ಮಾಡಿಕೊಂಡು ಹೋದೆ. ಮೊದಲನೆಯದನ್ನು ಹಲಗೆಯ ಮೇಲೆ ಬರೆದೆ. ಗಟ್ಟಿಯಾಗಿ ಓದಿ ಹೇಳಲು ಮಾತ್ರ ಸ್ವಲ್ಪ ಹೊತ್ತು ಬೇಕಾಯಿತು. ಮಕ್ಕಳು ಪೆನ್ನು ಹಿಡಿದು ಕಾಯುತ್ತಿದ್ದರು.