ದುಬಾರಿ ಕಾಫಿ ಬೀಜ: ದುಡ್ಡು ಎಲ್ಲಿವರೆಗೆ ಕೆಲಸ ಮಾಡುತ್ತೆ?

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಕಾಫಿ ಪರಿಣತ ಅಲ್ಲ, ಆದರೆ ಊರಿಂದ ವಾಪಸ್ ಬರುವಾಗ ಬ್ಯಾಗಿನಲ್ಲಿ ಕಾಫಿಪುಡಿಗೆ ಮೊದಲು ಜಾಗ ಮಾಡಿ ಆಮೇಲೆ ಬಟ್ಟೆ ತುಂಬೋರ ಪೈಕಿ. ನಮ್ಮ ಆಫೀಸಿನ ಕನ್ನಡದವರ ಗುಂಪಿನಲ್ಲಿ ಒಂದು ಪ್ರಶ್ನೆ ಪದೇ ಪದೇ ಬರುತ್ತೆ. ಎಸ್ಟೇಟ್ ಹೆಸರು ಹಾಕಿ, 250 ಗ್ರಾಂಗೆ 600 ರೂಪಾಯಿ ಅಂತ ಮಾರೋ ಬೀಜ ಆ ಬೆಲೆಗೆ ತಕ್ಕದ್ದಾ?

ಉತ್ತರ ಮೊದಲೇ ಹೇಳಿಬಿಡ್ತೀನಿ. ಒಂದು ಹಂತದವರೆಗೆ ಹೌದು, ಅದರಾಚೆ ಇಲ್ಲ. ಆ ಹಂತ ಎಲ್ಲಿದೆ ಅನ್ನೋದು ನೀವು ಕಾಫಿ ಹೇಗೆ ಕುಡಿತೀರಿ ಅನ್ನೋದರ ಮೇಲೆ ನಿಂತಿದೆ.

ಮೊದಲು, ಆ ಬೆಲೆಯಲ್ಲಿ ಯಾವ ಕೆಲಸ ಸೇರಿದೆ ನೋಡೋಣ. ಅರೇಬಿಕಾ ಗಿಡದಲ್ಲಿ ಹಣ್ಣೆಲ್ಲ ಒಂದೇ ದಿನ ಕಳಿಯೋದಿಲ್ಲ. ಕೆಂಪಾದದ್ದನ್ನ ಮಾತ್ರ ಕುಯ್ಯಬೇಕು ಅಂದ್ರೆ ಆಳುಗಳು ಅದೇ ಗಿಡಕ್ಕೆ ಎರಡು ಮೂರು ಸಲ ಹೋಗಬೇಕು. ಸುಮಾರು 6 ಕೆಜಿ ಹಣ್ಣಿಗೆ 1 ಕೆಜಿ ಬೀಜ ಸಿಗುತ್ತೆ. ಹುರಿದಾಗ ಮತ್ತೆ ಶೇಕಡಾ 15ರಿಂದ 20ರಷ್ಟು ತೂಕ ಹೋಗುತ್ತೆ. ಅಂದ್ರೆ ನಿಮ್ಮ 250 ಗ್ರಾಂ ಪ್ಯಾಕೆಟ್ಟಿನ ಹಿಂದೆ ಹೆಚ್ಚುಕಡಿಮೆ 1.8 ಕೆಜಿ ಹಣ್ಣಿದೆ. ಆಮೇಲೆ ಕಪ್ಪು ಬೀಜ, ಹುಳಿತದ್ದು, ಹುಳ ಹೊಡೆದದ್ದನ್ನ ಆರಿಸಿ ತೆಗೀಬೇಕು. ಕೆಟ್ಟ ಬೀಜ ನಾಲ್ಕು ಉಳಿದರೂ ಲೋಟದಲ್ಲಿ ಗೊತ್ತಾಗುತ್ತೆ. ಈ ಕೆಲಸಕ್ಕೆ ಕೊಡೋ ದುಡ್ಡು ನಾಲಿಗೆಗೆ ತಲುಪುತ್ತೆ. ಪರಿಣತರು ಕುಡಿದು 100ಕ್ಕೆ 80 ಅಥವಾ ಅದಕ್ಕಿಂತ ಹೆಚ್ಚು ಅಂಕ ಕೊಟ್ಟರೆ ಅದನ್ನ ಸ್ಪೆಷಾಲಿಟಿ ಕಾಫಿ ಅಂತಾರೆ.

ಪ್ಯಾಕೆಟ್ ಮೇಲಿನ ಎಲ್ಲ ಪದಕ್ಕೂ ಈ ಮಾತು ಅನ್ವಯಿಸೋದಿಲ್ಲ. ಪ್ಲಾಂಟೇಶನ್ ಎ, ಎಎ ಅಂತ ಬರೆದಿರುತ್ತಲ್ಲ, ಅಲ್ಲಿರೋ ಅಕ್ಷರ ಮುಖ್ಯವಾಗಿ ಬೀಜದ ಗಾತ್ರ ಹೇಳುತ್ತೆ. ಜರಡಿ ಹಿಡಿದು ಬೇರೆ ಮಾಡಿದ್ದು. ಒಂದೇ ಗಾತ್ರ ಇದ್ದರೆ ಹದವಾಗಿ ಹುರಿಯೋದು ಸುಲಭ, ನಿಜ. ಆದರೆ ದೊಡ್ಡ ಬೀಜ ಅಂದ್ರೆ ದೊಡ್ಡ ರುಚಿ ಅಲ್ಲ.

ಎರಡನೇದು, ತಾಜಾತನ. ನನ್ನ ಲೆಕ್ಕದಲ್ಲಿ ದುಡ್ಡಿಗೆ ಅತಿ ಹೆಚ್ಚು ರುಚಿ ಕೊಡೋದು ಇದೇ. ಹುರಿದ ಬೀಜ ಕೆಲವು ದಿನ ಗ್ಯಾಸ್ ಬಿಡುತ್ತೆ, ಆಮೇಲೆ ಕೆಲವು ವಾರ ಚೆನ್ನಾಗಿರುತ್ತೆ. ಪುಡಿ ಮಾಡಿದ ಮೇಲೆ ಘಮ ಹೋಗೋದು ಬಹಳ ಬೇಗ. ಆದ್ದರಿಂದ ಪ್ಯಾಕೆಟ್ ತಿರುಗಿಸಿ ಹುರಿದ ದಿನಾಂಕ ನೋಡಿ. ಆರು ತಿಂಗಳ ಹಿಂದೆ ಹುರಿದ ದುಬಾರಿ ಬೀಜಕ್ಕಿಂತ ಹೋದ ವಾರ ಹುರಿದ ಸಾಧಾರಣ ಬೀಜ ಮೇಲು. ದಿನಾಂಕವೇ ಹಾಕದವರು ಎಷ್ಟು ಚಂದದ ಡಬ್ಬಿಯಲ್ಲಿ ಕೊಟ್ಟರೂ ನಾನು ತಗೊಳ್ಳಲ್ಲ.

ಇನ್ನು ದುಡ್ಡು ಎಲ್ಲಿ ಕೆಲಸ ನಿಲ್ಲಿಸುತ್ತೆ? ಪನಾಮಾ ದೇಶದ ಗೇಶಾ ತಳಿಯನ್ನೇ ತಗೊಳ್ಳಿ. ಅಲ್ಲಿನ ಹರಾಜಿನಲ್ಲಿ 2004ರಲ್ಲಿ ಅದಕ್ಕೆ ಪೌಂಡಿಗೆ 21 ಡಾಲರ್ ಬಂದಾಗ ಜಗತ್ತು ಬಾಯಿ ಬಿಟ್ಟಿತ್ತು. 2019ರಲ್ಲಿ ಅದೇ ತಳಿಯ ಇನ್ನೊಂದು ತೋಟದ ಲಾಟಿಗೆ 1,029 ಡಾಲರ್. ಸರಿಯಾಗಿ 49 ಪಟ್ಟು. ರುಚಿ 49 ಪಟ್ಟು ಆಗೋಕೆ ಸಾಧ್ಯವಾ? 100 ಅಂಕದ ಅಳತೆಯಲ್ಲಿ ಅಷ್ಟು ಜಾಗವೇ ಇಲ್ಲ. ಅಲ್ಲಿ ಮಾರಾಟ ಆಗ್ತಿರೋದು ಅಪರೂಪ. ಪುನುಗು ಬೆಕ್ಕಿನ ಕಾಫಿ ಇನ್ನೂ ವಿಚಿತ್ರ. ಅಲ್ಲಿ ಬೆಲೆ ಇರೋದು ಕಥೆಗೆ, ಮತ್ತೆ ಎಷ್ಟೋ ಕಡೆ ಆ ಕಥೆಗೋಸ್ಕರ ಪ್ರಾಣಿಯನ್ನ ಪಂಜರದಲ್ಲಿ ಇಡ್ತಾರೆ.

ಈಗ ನಮ್ಮ ಫಿಲ್ಟರ್ ಕಾಫಿಗೆ ಬರೋಣ. ದುಬಾರಿ ಬೀಜವನ್ನ ಸಾಮಾನ್ಯವಾಗಿ ತೆಳುವಾಗಿ ಹುರಿದಿರ್ತಾರೆ. ಹಣ್ಣಿನ ಹುಳಿ, ಹೂವಿನ ಘಮ ಉಳೀಲಿ ಅಂತ. ಹಾಲು ಸಕ್ಕರೆ ಹಾಕಿದ ತಕ್ಷಣ ಆ ಘಮ ಮುಳುಗುತ್ತೆ, ಹುಳಿ ಮಾತ್ರ ಉಳಿದು ಹಾಲು ಕೆಟ್ಟಿದೆಯೇನೋ ಅನ್ನಿಸುತ್ತೆ. ಹಾಲಿನ ಕಾಫಿಗೆ ಬೇಕಾದ್ದು ಸ್ವಲ್ಪ ಗಾಢವಾಗಿ ಹುರಿದ ಬೀಜ, ಗಟ್ಟಿತನಕ್ಕೆ ಒಂದಿಷ್ಟು ರೋಬಸ್ಟಾ. ಇದು ದುಬಾರಿ ಅಲ್ಲ. ಚಿಕೋರಿ ಇಷ್ಟ ಇದ್ದರೆ ಹಾಕಿಕೊಳ್ಳಿ, ಆದರೆ ಲೇಬಲ್ ಓದಿ. ನಮ್ಮ ಕಾನೂನು ಮಿಶ್ರಣದಲ್ಲಿ ಶೇಕಡಾ 49ರವರೆಗೆ ಚಿಕೋರಿಗೆ ಅವಕಾಶ ಕೊಡುತ್ತೆ. ಬೇರಿನ ಪುಡಿಗೆ ಕಾಫಿ ಬೆಲೆ ಕೊಡಬೇಡಿ ಅಷ್ಟೇ.

ಲೆಕ್ಕ ಹಾಕೋಣ. ಕೆಜಿಗೆ 800 ರೂಪಾಯಿ ಪುಡಿ, ಲೋಟಕ್ಕೆ 10 ಗ್ರಾಂ: 8 ರೂಪಾಯಿ. 250 ಗ್ರಾಂಗೆ 600ರ ಬೀಜ, ಹಾಲಿಲ್ಲದ ಒಂದು ಕಪ್ಪಿಗೆ 15 ಗ್ರಾಂ: 36 ರೂಪಾಯಿ. ದಿನಕ್ಕೆ ಎರಡು ಸಲ ಅಂದ್ರೆ ತಿಂಗಳಿಗೆ 1,680 ರೂಪಾಯಿ ವ್ಯತ್ಯಾಸ. ಹೊಸದಾಗಿ ಕೆಲಸಕ್ಕೆ ಸೇರಿ ಊರಿಗೂ ದುಡ್ಡು ಕಳಿಸೋ ಹುಡುಗನಿಗೆ ಇದು ಸಣ್ಣದಲ್ಲ. ಆದರೆ ದಿನಾ ಮಾಲಿನಲ್ಲಿ 250 ಕೊಟ್ಟು ಕಾಫಿ ಕುಡಿಯೋರಿಗೆ ಇದೇ 36 ರೂಪಾಯಿ ಉಳಿತಾಯ!

ನಿಮ್ಮ ನಾಲಿಗೆಗೆ ವ್ಯತ್ಯಾಸ ಗೊತ್ತಾಗುತ್ತಾ? ಪರೀಕ್ಷೆ ಸುಲಭ. ಮೂರು ಲೋಟ ತಗೊಳ್ಳಿ. ಎರಡರಲ್ಲಿ ಒಂದೇ ಕಾಫಿ, ಒಂದರಲ್ಲಿ ಬೇರೆ. ಯಾವುದರಲ್ಲಿ ಏನು ಅಂತ ರೂಮ್‌ಮೇಟ್‌ಗೆ ಮಾತ್ರ ಗೊತ್ತಿರಲಿ. ಬೇರೆಯದ್ದನ್ನ ನೀವು ಗುರುತಿಸಬೇಕು. ಆರು ಸಲ ಮಾಡಿ. ಬರೀ ಊಹೆಯಿಂದ ಐದು ಅಥವಾ ಆರು ಸರಿ ಬರೋ ಸಾಧ್ಯತೆ ಶೇಕಡಾ 2ಕ್ಕಿಂತ ಕಡಿಮೆ. ಎರಡು ಮೂರು ಮಾತ್ರ ಸರಿ ಬಂದರೆ ಅದು ಊಹೆಯೇ, ಅಗ್ಗದ್ದೇ ತಗೊಳ್ಳಿ. ನೀವು ದಿನಾ ಹೇಗೆ ಕುಡಿತೀರೋ ಹಾಗೇ ಪರೀಕ್ಷೆ ಮಾಡಿ. ಹಾಲು ಹಾಕಿ ಕುಡಿಯೋರು ಹಾಲು ಹಾಕಿಯೇ.

ಲೋಟದ ಆಚೆಗೂ ಒಂದು ವಿಷಯ ಇದೆ. ಚಿಕ್ಕಮಗಳೂರು, ಕೊಡಗು, ಹಾಸನದ ಬೆಳೆಗಾರ 50 ಕೆಜಿ ಚೀಲಕ್ಕೆ ಇವತ್ತಿನ ರೇಟ್ ಎಷ್ಟು ಅಂತ ಕೇಳ್ತಾನೆ. ಆ ರೇಟು ಅರೇಬಿಕಾಗೆ ನ್ಯೂಯಾರ್ಕ್, ರೋಬಸ್ಟಾಗೆ ಲಂಡನ್ ಮಾರುಕಟ್ಟೆ ನೋಡಿ ಏರಿಳಿಯುತ್ತೆ. ಹಿಂದೆ ಬೆಳೆಯನ್ನ ಕಾಫಿ ಬೋರ್ಡಿನ ಪೂಲಿಗೆ ಕೊಡಬೇಕಿತ್ತು, ತೋಟದ ಹೆಸರು ಅಲ್ಲಿಗೇ ಮುಗೀತಿತ್ತು. 1996ರ ಹೊತ್ತಿಗೆ ಪೂರ್ತಿ ಬೆಳೆಯನ್ನ ತಾನೇ ಮಾರೋ ಸ್ವಾತಂತ್ರ್ಯ ಎಲ್ಲ ಬೆಳೆಗಾರರಿಗೂ ಸಿಕ್ಕಿತು. ಪ್ಯಾಕೆಟ್ ಮೇಲೆ ಎಸ್ಟೇಟ್ ಹೆಸರು ಬರೋಕೆ ದಾರಿ ಆಗಿದ್ದು ಅದರಿಂದ. ಹಣ್ಣು ಆರಿಸಿ ಕುಯ್ದು, ಕಣದಲ್ಲಿ ಜೋಪಾನವಾಗಿ ಒಣಗಿಸಿದವನಿಗೆ ಮಾರುಕಟ್ಟೆ ರೇಟಿಗಿಂತ ನಾಲ್ಕು ಕಾಸು ಹೆಚ್ಚು ಸಿಗೋ ದಾರಿ ಈ ದುಬಾರಿ ಪ್ಯಾಕೆಟ್ಟು. ಹಾಗಾಗಿ ಮಾರೋರನ್ನ ಕೇಳಿ: ಯಾವ ತೋಟ, ಯಾವ ವರ್ಷದ ಬೆಳೆ, ಬೆಳೆಗಾರನಿಗೆ ಎಷ್ಟು ಕೊಟ್ಟಿರಿ? ಉತ್ತರ ಕೊಡೋರ ಹತ್ತಿರ ನಾನು ಖುಷಿಯಿಂದ 600 ಕೊಡ್ತೀನಿ, ವಾರಾಂತ್ಯದ ಕರಿ ಕಾಫಿಗೆ. ದಿನದ ಎರಡು ಲೋಟ ಫಿಲ್ಟರ್ ಕಾಫಿಗೆ ಊರಿನ ಅಂಗಡಿಯಲ್ಲಿ ಕಣ್ಣೆದುರೇ ಹುರಿದ ಸಾಧಾರಣ ಬೀಜ ಸಾಕು.

ಕೊನೇ ಮಾತು. ದುಬಾರಿ ಕಾಫಿ ರೂಢಿಯಾದ ಮೇಲೆ ಊರಿಗೆ ಹೋಗಿ ಮನೆ ಕಾಫಿಯನ್ನ ಅಣಕಿಸೋರನ್ನ ನೋಡಿದ್ದೀನಿ. ದಯವಿಟ್ಟು ಬೇಡ. ಇವು ಒಂದೇ ಪಾನೀಯದ ಮೇಲು ಕೀಳು ಅಲ್ಲ, ಎರಡು ಬೇರೆ ಪಾನೀಯ. ಅಮ್ಮನಿಗೆ ಏನಾದರೂ ತಗೊಂಡು ಹೋಗೋದಾದರೆ ಒಂದು ಒಳ್ಳೆ ಗ್ರೈಂಡರ್ ತಗೊಂಡು ಹೋಗಿ.