ಪರದೆಯನ್ನು ಮೂಡಿಸುವ ಹೊಣೆ: ಬಹುವೇದಿಕೆ ಆ್ಯಪ್‌ಗಳಿಗೆ ಫ್ರೇಮ್‌ವರ್ಕ್ ಆಯ್ಕೆ

ಆ್ಯಂಡ್ರಾಯ್ಡ್‌ಗೆ ಕೋಟ್ಲಿನ್‌ನಲ್ಲಿಯೂ ಐಓಎಸ್‌ಗೆ ಸ್ವಿಫ್ಟ್‌ನಲ್ಲಿಯೂ ಒಂದೇ ಆ್ಯಪನ್ನು ಎರಡು ಸಲ ಬರೆದು ಕಾಪಾಡುವ ಶ್ರಮವನ್ನು ತಗ್ಗಿಸಲು ಹುಟ್ಟಿಕೊಂಡವು ಬಹುವೇದಿಕೆ ಫ್ರೇಮ್‌ವರ್ಕ್‌ಗಳು, ಅಂದರೆ ಒಮ್ಮೆ ಬರೆದ ಕೋಡ್ ಎರಡೂ ಕಡೆ ನಡೆಯುವಂತೆ ಮಾಡುವ ತಂತ್ರಾಂಶದ ಚೌಕಟ್ಟುಗಳು. ಇವುಗಳ ಆಯ್ಕೆಯ ಚರ್ಚೆ ಬಹುಮಟ್ಟಿಗೆ ವೇಗ, ಕಲಿಕೆಯ ಸೌಲಭ್ಯ ಮತ್ತು ನುರಿತವರ ಲಭ್ಯತೆಯ ಸುತ್ತಲೇ ತಿರುಗುತ್ತದೆಯಾದರೂ, ಪರದೆಯ ಮೇಲಿನ ಗುಂಡಿಯನ್ನೂ ಅಕ್ಷರವನ್ನೂ ಮೂಡಿಸುವ ಹೊಣೆ ಯಾರದು ಎಂಬ ಪ್ರಶ್ನೆಯನ್ನು ಈ ಸಂಕಿರಣ ಮೊದಲು ಎತ್ತಿಕೊಳ್ಳುವುದು ಯುಕ್ತ.

ಫೋನ್‌ಗ್ಯಾಪ್ ಎಂಬ ಫ್ರೇಮ್‌ವರ್ಕ್ ಆ ಹೊಣೆಯನ್ನು ಆ್ಯಪ್‌ನೊಳಗೆ ಅಡಗಿದ ಬ್ರೌಸರ್‌ಗೆ ಒಪ್ಪಿಸಿತ್ತು. 2015ರಲ್ಲಿ ಫೇಸ್‌ಬುಕ್ ಮುಕ್ತಗೊಳಿಸಿದ ರಿಯಾಕ್ಟ್ ನೇಟಿವ್, ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ಆದೇಶಗಳನ್ನು ಫೋನಿನ ಸ್ವಂತ ಗುಂಡಿಗಳಿಗೂ ಪಠ್ಯಪೆಟ್ಟಿಗೆಗಳಿಗೂ ತಲುಪಿಸುತ್ತದೆ. 2018ರ ಡಿಸೆಂಬರ್‌ನಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ಗೂಗಲ್‌ನ ಫ್ಲಟರ್ ಇದಕ್ಕೆ ವಿರುದ್ಧವಾಗಿ, ಫೋನಿನಿಂದ ಖಾಲಿ ಪರದೆಯನ್ನಷ್ಟೇ ಪಡೆದು ಉಳಿದೆಲ್ಲವನ್ನೂ ತಾನೇ ಚಿತ್ರಿಸುತ್ತದೆ.

ಕನ್ನಡದ ಆ್ಯಪ್‌ಗಳಿಗೆ ಈ ಭೇದ ಅತ್ಯಂತ ಮುಖ್ಯವಾದುದು. ‘ಸ್ತ್ರೀ’ ಎಂಬ ಒಂದೇ ಅಕ್ಷರ ಯೂನಿಕೋಡ್‌ನಲ್ಲಿ ಆರು ಸಂಕೇತಗಳ ಸಾಲಾಗಿ ಸಂಗ್ರಹವಾಗುತ್ತದೆ. ಕಡೆಯಲ್ಲಿರುವ ಈಕಾರ ಒಡೆದು, ಗುಡಿಸು ಸಕಾರದ ತಲೆಗೂ ದೀರ್ಘದ ಚಿಹ್ನೆ ಒತ್ತುಗಳ ಬಲಕ್ಕೂ ಸೇರಿದಾಗ ಮಾತ್ರ ಓದುಗರಿಗೆ ಅಕ್ಷರ ಕಾಣುತ್ತದೆ. ಈ ಜೋಡಣೆಯನ್ನು ರಿಯಾಕ್ಟ್ ನೇಟಿವ್ ಫೋನಿನ ವ್ಯವಸ್ಥೆಗೇ ಬಿಟ್ಟುಕೊಡುತ್ತದೆ. ಫ್ಲಟರ್ ಹಾರ್ಫ್‌ಬಜ್ ಎಂಬ ಅಕ್ಷರಜೋಡಣೆಯ ಗ್ರಂಥಾಲಯವನ್ನು ತನ್ನೊಂದಿಗೇ ಒಯ್ಯುತ್ತದೆ. ಎರಡನೆಯ ಮಾರ್ಗದಲ್ಲಿ, ಕನ್ನಡದ ಫಾಂಟನ್ನೂ ಆ್ಯಪ್‌ನೊಳಗೆ ಸೇರಿಸಿದರೆ ಹಳೆಯ ಫೋನಿನಲ್ಲಿಯೂ ಹೊಸದರಲ್ಲಿಯೂ ಒಂದೇ ರೂಪ ದೊರೆಯುತ್ತದೆ, ಆದರೆ ಆ್ಯಪ್‌ನ ಗಾತ್ರ ಬೆಳೆಯುತ್ತದೆ. ಅಲ್ಲದೆ, ತಾನೇ ಚಿತ್ರಿಸಿದ ಪರದೆಯಲ್ಲಿ ಏನಿದೆಯೆಂಬುದು ಫೋನಿಗೆ ತಿಳಿಯದ ಕಾರಣ, ದೃಷ್ಟಿಹೀನರು ಬಳಸುವ ಟಾಕ್‌ಬ್ಯಾಕ್, ವಾಯ್ಸ್‌ಓವರ್‌ಗಳಂಥ ಓದುಗ ತಂತ್ರಾಂಶಗಳಿಗಾಗಿ ಫ್ಲಟರ್ ಪ್ರತ್ಯೇಕವಾದ ಅರ್ಥವಿವರಣೆಯ ಜಾಲವನ್ನು ಕಟ್ಟಿಕೊಡಬೇಕಾಗುತ್ತದೆ, ಮತ್ತು ಹೊಸದಾಗಿ ರೂಪಿಸಿದ ಪ್ರತಿಯೊಂದು ಘಟಕಕ್ಕೂ ಆ ವಿವರಣೆಯನ್ನು ತುಂಬುವ ಕೆಲಸ ಆ್ಯಪ್ ಬರೆಯುವವರ ಪಾಲಿಗೆ ಬರುತ್ತದೆ.

ಫ್ರೇಮ್‌ವರ್ಕ್‌ನ ಆಯುಸ್ಸೂ ವಿಚಾರಾರ್ಹ. ಅಡೋಬಿ ಫೋನ್‌ಗ್ಯಾಪನ್ನು 2020ರಲ್ಲಿ ಕೈಬಿಟ್ಟಿತು; 2016ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಝಾಮರಿನ್ ಎಂಬ ಫ್ರೇಮ್‌ವರ್ಕ್‌ಗೆ 2024ರ ಮೇ 1ರಂದು ಬೆಂಬಲ ಕೊನೆಗೊಂಡಿತು. ಲೆಕ್ಕಾಚಾರದ ನಿಯಮಗಳನ್ನೂ ದತ್ತಾಂಶದ ವ್ಯವಹಾರವನ್ನೂ ಪರದೆಯ ಕೋಡ್‌ನಿಂದ ಬೇರ್ಪಡಿಸಿದ್ದ ತಂಡಗಳಿಗೆ ಇಂಥ ಸಂದರ್ಭದಲ್ಲಿ ಸ್ಥಳಾಂತರ ಸುಲಭವಾಗುತ್ತದೆ. 2023ರ ನವೆಂಬರ್‌ನಲ್ಲಿ ಸ್ಥಿರವೆಂದು ಘೋಷಿತವಾದ ಕೋಟ್ಲಿನ್ ಮಲ್ಟಿಪ್ಲಾಟ್‌ಫಾರ್ಮ್, ನಿಯಮಗಳನ್ನಷ್ಟೇ ಹಂಚಿಕೊಂಡು ಪರದೆಯನ್ನು ಆಯಾ ಫೋನಿನ ಪದ್ಧತಿಗೇ ಬಿಡುವ ಅವಕಾಶ ನೀಡುವುದರಿಂದ, ಗೋಷ್ಠಿಗಳಲ್ಲಿ ವಿಶೇಷ ಪರಿಶೀಲನೆಗೆ ಅರ್ಹವಾಗಿದೆ. ಆ ಪರಿಶೀಲನೆಗೆ ಮಾದರಿ ಆ್ಯಪ್‌ನ ಸೊಗಸಾದ ಮುಖಪುಟ ಸಾಲದು. ಕನ್ನಡದ ಉದ್ದನೆಯ ಅರ್ಜಿಯೊಂದನ್ನು ಪ್ರತಿ ಫ್ರೇಮ್‌ವರ್ಕ್‌ನಲ್ಲಿಯೂ ಕಟ್ಟಿ, ಕಡಿಮೆ ಮೆಮೊರಿಯ ಹಳೆಯ ಫೋನಿನಲ್ಲಿ ಅಕ್ಷರಗಳನ್ನು ಹಿಗ್ಗಿಸಿ, ಟಾಕ್‌ಬ್ಯಾಕ್ ನಡೆಯುತ್ತಿರುವಾಗ ಅದನ್ನು ಕೊನೆಯವರೆಗೆ ತುಂಬಿ ನೋಡಬೇಕು.